‘ನಮಗಿನ್ನೂ ಗೊತ್ತಿಲ್ಲ’ ಎಂದು ದೇಶದ ನಾಯಕರು ಹೇಳಬಹುದೇ?

ಪ್ರಶ್ನೆ: ಬೆಳಗಿನಪಾಳಿ

2020ರಲ್ಲಿ ಏಳು ತಿಂಗಳು ನಾನು ಕೋವಿಡ್ ಸಹಾಯವಾಣಿಯಲ್ಲಿ ಕೆಲಸ ಮಾಡಿದೆ. ಬೆಳಗಿನ ಪಾಳಿ, ಆರರಿಂದ ಎರಡರವರೆಗೆ. ಹಿಂದಿನ ಸಂಜೆ ಮೇಲಿನವರು ಟಿ.ವಿ.ಯಲ್ಲಿ ಏನು ಮಾತನಾಡಿದ್ದಾರೆ ಎಂಬುದು ಭಾಷಣ ಕೇಳದೆಯೇ ನನಗೆ ತಿಳಿಯುತ್ತಿತ್ತು. ಮೊದಲ ಹತ್ತು ಕರೆಗಳೇ ಸಾಕಾಗುತ್ತಿದ್ದವು.

ಗೆರೆ ಎಳೆದ ಒಂದು ನೋಟ್‌ಪುಸ್ತಕ ಇಟ್ಟುಕೊಂಡಿದ್ದೆ. ಎಡಕ್ಕೆ ಕರೆ ಬಂದ ಹೊತ್ತು, ನಡುವೆ ಕೇಳಿದ ಪ್ರಶ್ನೆ, ಬಲಕ್ಕೆ ಎಷ್ಟು ನಿಮಿಷ ಮಾತಾಯಿತು ಎಂಬ ಅಂಕಿ. ಬರೆಯಿರಿ ಎಂದು ಯಾರೂ ಹೇಳಿರಲಿಲ್ಲ. ಬರೆಯದಿದ್ದರೆ ಕರೆಗಳೆಲ್ಲ ತಲೆಯಲ್ಲಿ ಕಲಸಿಹೋಗುತ್ತಿದ್ದವು, ಅಷ್ಟೆ. ಈಚೆಗೆ ಅದನ್ನು ಮತ್ತೆ ತೆರೆದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ನಿಯಮವನ್ನು ದಿನಾಂಕ, ಗಂಟೆ ಸಮೇತ ಹೇಳಿದ ಭಾಷಣದ ಮರುದಿನ ಪ್ರಶ್ನೆಗಳು ಚಿಕ್ಕವು. ಸೋಂಕಿತರ ಬಟ್ಟೆಯನ್ನು ಬೇರೆ ಬಕೆಟ್ಟಿನಲ್ಲಿ ನೆನೆಸಬೇಕೇ? ಹತ್ತನೆಯ ದಿನ ಎಂದರೆ ಜ್ವರ ಬಂದ ದಿನದಿಂದ ಎಣಿಸಬೇಕೇ, ಪರೀಕ್ಷೆ ಮಾಡಿಸಿದ ದಿನದಿಂದಲೇ? ಎರಡು ನಿಮಿಷ, ಮೂರು ನಿಮಿಷ. ಎಲ್ಲವೂ ಹತೋಟಿಯಲ್ಲಿದೆ, ಯಾರೂ ಗಾಬರಿಯಾಗಬೇಡಿ ಎಂಬ ಧಾಟಿಯ ಭಾಷಣವಾದರೆ ಮರುದಿನ ಬಲಗಡೆಯ ಅಂಕಿ ಹನ್ನೊಂದು, ಹದಿನಾಲ್ಕು, ಹತ್ತೊಂಬತ್ತಕ್ಕೆ ಏರಿದೆ. ಪ್ರಶ್ನೆಯ ಜಾಗದಲ್ಲಿ ನನ್ನ ಕೈಬರಹದಲ್ಲಿ ಇರುವುದು ಹೆಚ್ಚುಕಡಿಮೆ ಒಂದೇ ಮಾತು: ‘ನಿಜ ಹೇಳಿ.’

ಈಗ ಹೊಸದಾಗಿ ಸೇರುವ ಸ್ವಯಂಸೇವಕರಿಗೆ ತರಬೇತಿಯ ಟಿಪ್ಪಣಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ನನ್ನ ಜೊತೆಗಿರುವ ಹಿರಿಯರೊಬ್ಬರು ಎರಡನೆಯ ಸಾಲಿನಲ್ಲೇ ಬರೆಸಿದ್ದಾರೆ: ‘ಗೊತ್ತಿಲ್ಲ ಎಂಬ ಪದವನ್ನು ಬಳಸಕೂಡದು, ಜನ ಧೈರ್ಯ ಕಳೆದುಕೊಳ್ಳುತ್ತಾರೆ.’ ದೇಶ ಆಳುವವರಿಗೂ ಇದೇ ನಿಯಮ ಎಂಬುದು ಅವರ ವಾದ. ಅವರು ಅನುಭವಸ್ಥರು, ಅವರ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆದರೆ ನನ್ನ ಪುಸ್ತಕ ಬೇರೆಯದನ್ನೇ ಹೇಳುತ್ತಿದೆ. ಸಾಂಕ್ರಾಮಿಕ ಬಂದಾಗ ಬೇರೆ ಬೇರೆ ದೇಶಗಳ ನಾಯಕರು ಹೇಗೆ ನಡೆದುಕೊಂಡರು, ತಿಳಿಯದ್ದನ್ನು ತಿಳಿಯದು ಎಂದವರಿಗೆ ಏನಾಯಿತು, ಬಚ್ಚಿಟ್ಟವರಿಗೆ ಏನಾಯಿತು, ಬಲ್ಲವರು ತಿಳಿಸಿಕೊಡಿ. ಯಾವ ಪಕ್ಷ ಒಳ್ಳೆಯದು ಎಂಬ ಜಗಳ ಇಲ್ಲಿ ಬೇಡ, ದಯವಿಟ್ಟು.

ಉತ್ತರ 1: ಹಳೆಕಡತ

ಬಚ್ಚಿಟ್ಟವರಿಂದಲೇ ಶುರುಮಾಡುತ್ತೇನೆ. 1918ರ ಇನ್‌ಫ್ಲುಯೆಂಜಾದಲ್ಲಿ ಅಮೆರಿಕದಲ್ಲಿ ಸುಮಾರು 6.75 ಲಕ್ಷ ಜನ ಸತ್ತರು. ಅಧ್ಯಕ್ಷ ವುಡ್ರೋ ವಿಲ್ಸನ್ ಆ ಜ್ವರದ ಬಗ್ಗೆ ಸಾರ್ವಜನಿಕವಾಗಿ ತುಟಿ ಬಿಚ್ಚಲಿಲ್ಲ. ಯುದ್ಧ ನಡೆಯುತ್ತಿತ್ತು, ಸೈನಿಕರ ಮನೋಬಲ ಕುಗ್ಗಬಾರದು ಎಂಬುದು ಆಗಿನ ಲೆಕ್ಕಾಚಾರ. ಯುದ್ಧದಲ್ಲಿದ್ದ ದೇಶಗಳೆಲ್ಲ ಸುದ್ದಿ ಅದುಮಿದವು. ತಟಸ್ಥವಾಗಿದ್ದ ಸ್ಪೇನ್‌ನ ಪತ್ರಿಕೆಗಳು ಮಾತ್ರ ಬರೆದವು. ಬರೆದ ತಪ್ಪಿಗೆ ರೋಗಕ್ಕೆ ‘ಸ್ಪ್ಯಾನಿಷ್ ಫ್ಲೂ’ ಎಂಬ ಹೆಸರು ಅಂಟಿತು. ನೂರು ವರ್ಷ ಕಳೆದರೂ ಅದು ಬಿಟ್ಟಿಲ್ಲ.

ನಿಮ್ಮ ಪ್ರಶ್ನೆಗೆ ಇದಕ್ಕಿಂತ ಹತ್ತಿರದ್ದು ಅಮೆರಿಕದ್ದೇ 1976ರ ಕತೆ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಅಲ್ಲಿ ನಾಯಕ ಏನನ್ನೂ ಮುಚ್ಚಿಡಲಿಲ್ಲ, ಸೋಮಾರಿಯೂ ಆಗಿರಲಿಲ್ಲ. ಆದರೂ ಎಡವಿದ.

ಆ ವರ್ಷದ ಆರಂಭದಲ್ಲಿ ನ್ಯೂಜೆರ್ಸಿಯ ಫೋರ್ಟ್ ಡಿಕ್ಸ್ ಸೇನಾ ಶಿಬಿರದಲ್ಲಿ ಹೊಸ ಬಗೆಯ ಹಂದಿಜ್ವರ ಕಾಣಿಸಿಕೊಂಡು ಯುವ ಸೈನಿಕನೊಬ್ಬ ಸತ್ತ. 1918ರ ವೈರಸ್‌ಗೆ ಇದು ಹತ್ತಿರದ್ದು ಎಂಬ ಅನುಮಾನ ವಿಜ್ಞಾನಿಗಳಿಗೆ ಬಂತು. ಮಾರ್ಚ್ 24ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಪೋಲಿಯೊ ಲಸಿಕೆ ಕಂಡುಹಿಡಿದ ವಿಜ್ಞಾನಿಗಳಾದ ಸಾಕ್ ಮತ್ತು ಸೇಬಿನ್ ಇಬ್ಬರ ಸಮ್ಮುಖದಲ್ಲಿ, ದೇಶದ ಪ್ರತಿಯೊಬ್ಬರಿಗೂ ಲಸಿಕೆ ಹಾಕುತ್ತೇವೆ ಎಂದು ಘೋಷಿಸಿದರು. ಅದಕ್ಕಾಗಿ ಸಂಸತ್ತಿನಿಂದ 13.5 ಕೋಟಿ ಡಾಲರ್ ಕೇಳಿದರು. ಅಕ್ಟೋಬರ್‌ನಲ್ಲಿ ಲಸಿಕೆ ಶುರುವಾಯಿತು. ತಿಂಗಳ ನಡುವೆ ಫೋರ್ಡ್ ತಾವೇ ಅಂಗಿಯ ತೋಳು ಮಡಿಸಿ ಕ್ಯಾಮೆರಾದ ಮುಂದೆ ಚುಚ್ಚಿಸಿಕೊಂಡರು. ಅಷ್ಟರಲ್ಲಿ ಆ ರೋಗ ಶಿಬಿರದ ಬೇಲಿ ದಾಟಿ ಎಲ್ಲೂ ಹರಡಿರಲಿಲ್ಲ. ಲಸಿಕೆ ಪಡೆದವರಲ್ಲಿ ಗಿಲಾನ್ ಬಾರೆ ಎಂಬ ನರರೋಗ ಸ್ವಲ್ಪ ಹೆಚ್ಚಾಗಿ ಕಾಣಿಸಿತು, ಲಕ್ಷಕ್ಕೆ ಒಂದರಷ್ಟು ಹೆಚ್ಚು. ಡಿಸೆಂಬರ್ 16ಕ್ಕೆ ಕಾರ್ಯಕ್ರಮ ನಿಂತಿತು. ಅಷ್ಟು ಹೊತ್ತಿಗೆ ಸುಮಾರು 4.5 ಕೋಟಿ ಜನ ಲಸಿಕೆ ಪಡೆದಿದ್ದರು.

ಮಾರ್ಚ್ ತಿಂಗಳಲ್ಲಿ ಫೋರ್ಡ್ ಅವರ ಜಾಗದಲ್ಲಿ ನಾನಿದ್ದರೆ ಲಸಿಕೆ ತಯಾರಿಸಲು ನಾನೂ ಹೇಳುತ್ತಿದ್ದೆ. ತಯಾರಿಸಿದ್ದು ತಪ್ಪಲ್ಲ. ತಯಾರಿಸುವುದು ಮತ್ತು ಹಾಕುವುದು ಎರಡು ಬೇರೆ ನಿರ್ಧಾರಗಳು. ಅವೆರಡನ್ನೂ ಒಂದೇ ದಿನ ಒಂದೇ ಗಂಟು ಹಾಕಿಬಿಟ್ಟದ್ದು ತಪ್ಪು. ಲಸಿಕೆಯನ್ನು ದಾಸ್ತಾನು ಮಾಡಿಕೊಂಡು ಕಾಯೋಣ ಎಂಬ ದಾರಿ ತೆರೆದಿತ್ತು. ಬೇಸಿಗೆ ಕಳೆಯುವ ಹೊತ್ತಿಗೆ ಸೇಬಿನ್ ಕೂಡ ಆ ಕಡೆಗೇ ವಾಲಿದರು. ಮಾರ್ಚ್‌ನಲ್ಲಿ ಫೋರ್ಡ್ ‘ಇದು ಹರಡುತ್ತದೋ ಇಲ್ಲವೋ ಈಗ ತಿಳಿಯದು, ಹರಡಿದರೆ ಹೀಗೆ ಮಾಡುತ್ತೇವೆ, ಹರಡದಿದ್ದರೆ ಹೀಗೆ’ ಎಂದಿದ್ದರೆ, ಡಿಸೆಂಬರ್‌ನಲ್ಲಿ ನಿಲ್ಲಿಸುವುದು ಸೋಲಿನಂತೆ ಕಾಣುತ್ತಿರಲಿಲ್ಲ.

ನಿಮ್ಮ ಹಿರಿಯರಿಗೆ ಹೇಳಿ: ‘ಗೊತ್ತಿಲ್ಲ’ ಎಂಬ ಮಾತು ಅಲ್ಲಿಗೇ ನಿಂತರೆ ಜನ ಹೆದರುತ್ತಾರೆ, ಅಷ್ಟರ ಮಟ್ಟಿಗೆ ಅವರ ಮಾತು ಸರಿ. ಅದರ ಹಿಂದೆಯೇ ‘ಯಾವಾಗ ತಿಳಿಯುತ್ತದೆ, ತಿಳಿದಾಗ ಏನು ಮಾಡುತ್ತೇವೆ’ ಎಂಬುದೂ ಬರಬೇಕು.

ಉತ್ತರ 2: ಒರೆಗಲ್ಲು

ಹಳೆಕಡತ ಅವರ ಮಾತು ಒಪ್ಪುತ್ತೇನೆ, ಆದರೆ ‘ಗೊತ್ತಿಲ್ಲ’ ಎಂಬುದನ್ನು ತುಂಬಾ ಎತ್ತಿ ಹಿಡಿಯಬೇಡಿ. ಅದೇ ಮಾತನ್ನು ಆಯುಧ ಮಾಡಿಕೊಂಡವರೂ ಇದ್ದಾರೆ.

ದಕ್ಷಿಣ ಆಫ್ರಿಕಾದ ಅಧ್ಯಕ್ಷರಾಗಿದ್ದ ಥಾಬೊ ಎಂಬೆಕಿ ಅವರನ್ನು ನೋಡಿ. ಏಡ್ಸ್‌ಗೆ ಎಚ್‌ಐವಿ ಕಾರಣ ಎಂಬುದು 2000ನೇ ಇಸವಿಯ ಹೊತ್ತಿಗೆ ಚರ್ಚೆಯ ವಿಷಯವಾಗಿ ಉಳಿದಿರಲಿಲ್ಲ. ಆದರೂ ಅವರು ಅದನ್ನೇ ಪ್ರಶ್ನಿಸುವವರನ್ನೂ ಸೇರಿಸಿ ಒಂದು ಸಲಹಾ ಮಂಡಳಿ ರಚಿಸಿದರು. ನಾನು ಪ್ರಶ್ನೆ ಕೇಳುತ್ತಿದ್ದೇನೆ, ಅಷ್ಟೆ ಎಂಬುದು ಅವರ ನಿಲುವಿನ ಸಾರ. ಕೇಳುವುದಕ್ಕೆ ಎಷ್ಟು ವಿನಯ! ಅವರ ಆರೋಗ್ಯ ಸಚಿವೆ ಬೆಳ್ಳುಳ್ಳಿ, ಬೀಟ್‌ರೂಟ್‌ಗಳ ಗುಣಗಾನ ಮಾಡಿದರು. ತಾಯಿಯಿಂದ ಮಗುವಿಗೆ ಸೋಂಕು ದಾಟದಂತೆ ತಡೆಯುವ ನೆವಿರಪಿನ್ ಔಷಧವನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಕೊಡಿ ಎಂದು ಹೇಳಲು 2002ರ ಜುಲೈನಲ್ಲಿ ಆ ದೇಶದ ಸಂವಿಧಾನ ನ್ಯಾಯಾಲಯವೇ ಬರಬೇಕಾಯಿತು. ಔಷಧ ತಡವಾದದ್ದರಿಂದ 2000ದಿಂದ 2005ರವರೆಗೆ 3.3 ಲಕ್ಷಕ್ಕೂ ಹೆಚ್ಚು ಜೀವಗಳು ಹೋದವು ಎಂದು ಹಾರ್ವರ್ಡ್‌ನ ಸಂಶೋಧಕರು ಆಮೇಲೆ ಅಂದಾಜಿಸಿದರು.

ತಿಳಿಯದ್ದನ್ನು ತಿಳಿಯದು ಎನ್ನುವುದು ಪ್ರಾಮಾಣಿಕತೆ. ತಿಳಿದದ್ದನ್ನು ತಿಳಿಯದು ಎನ್ನುವುದು ಕೊಲೆಗೆ ಸಮ. ಕಟುವಾಗಿ ಬರೆದೆ, ಆದರೆ ಆ ಸಂಖ್ಯೆಯ ಮುಂದೆ ಮೆದುವಾದ ಪದ ನನಗೆ ಸಿಗುವುದಿಲ್ಲ.

ಇನ್ನೊಂದು ಮಾತು. ನಾಯಕರ ಭಾಷಣಕ್ಕೇ ನಾವೆಲ್ಲ ಗಂಟುಬೀಳುತ್ತೇವೆ. 2014ರಲ್ಲಿ ಎಬೊಲಾ ನೈಜೀರಿಯಾಕ್ಕೆ ಬಂದಾಗ ಏನಾಯಿತು? ಜುಲೈ 20ರಂದು ಲೈಬೀರಿಯಾದಿಂದ ಬಂದ ಪ್ರಯಾಣಿಕರೊಬ್ಬರು ಲಾಗೋಸ್ ವಿಮಾನ ನಿಲ್ದಾಣದಲ್ಲಿ ಕುಸಿದರು. ಲಾಗೋಸ್ ಎಂದರೆ ಜನಸಾಗರ. ಅಲ್ಲಿ ಹರಡಿದ್ದರೆ ತಡೆಯುವವರಿರಲಿಲ್ಲ. ರೋಗಿಯನ್ನು ಬಿಟ್ಟು ಕಳಿಸಿ ಎಂಬ ಒತ್ತಡ ಬಂದರೂ ವೈದ್ಯೆ ಅಮೆಯೊ ಅಡಾಡೆವೊ ಬಿಡಲಿಲ್ಲ. ಅದೇ ಸೋಂಕಿನಿಂದ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು. ಒಟ್ಟು 20 ಜನರಿಗೆ ರೋಗ, 8 ಸಾವು. ಅಕ್ಟೋಬರ್ 20ಕ್ಕೆ ದೇಶ ಎಬೊಲಾ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಪೋಲಿಯೊ ನಿರ್ಮೂಲನೆಗಾಗಿ ಕಟ್ಟಿದ್ದ ತುರ್ತು ಕಾರ್ಯಾಚರಣೆ ಕೇಂದ್ರದ ಜನರನ್ನೇ ಎಬೊಲಾ ಕೆಲಸಕ್ಕೆ ತಿರುಗಿಸಿದರು. ಅವರು ಸುಮಾರು 900 ಸಂಪರ್ಕಿತರ ಪಟ್ಟಿ ಹಿಡಿದು ಮನೆ ಮನೆಗೆ ಹೋದರು, ಒಂದು ಸಲ ಅಲ್ಲ, ದಿನಾ. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರು ಎನ್ನುತ್ತೇವಲ್ಲ, ಅಲ್ಲಿ ಬಾವಿ ಮೊದಲೇ ಇತ್ತು. ಮೇಲಿದ್ದವರು ಮಾಡಬೇಕಾದ ದೊಡ್ಡ ಕೆಲಸ ನೀರು ಸೇದುವವರ ಕೈ ತಡೆಯದಿರುವುದು.

ಅದೇ ಆಗಸ್ಟ್‌ನಲ್ಲಿ ಲೈಬೀರಿಯಾ ಸರ್ಕಾರ ರಾಜಧಾನಿ ಮನ್ರೋವಿಯಾದ ವೆಸ್ಟ್ ಪಾಯಿಂಟ್ ಎಂಬ ಬಡವರ ಬಡಾವಣೆಯನ್ನು ರಾತ್ರೋರಾತ್ರಿ ಮುಳ್ಳುತಂತಿ, ಸೈನಿಕರನ್ನಿಟ್ಟು ಮುಚ್ಚಿತು. ಗಲಭೆಯಾಯಿತು, ಗುಂಡು ಹಾರಿತು, ಒಬ್ಬ ಹುಡುಗ ಸತ್ತ. ಹತ್ತೇ ದಿನಕ್ಕೆ ತಂತಿ ತೆಗೆದರು. ರೋಗ ಇಳಿಮುಖವಾದದ್ದು ಊರಿನ ಹಿರಿಯರನ್ನು ಕೂರಿಸಿಕೊಂಡು, ಸುರಕ್ಷಿತ ಶವಸಂಸ್ಕಾರಕ್ಕೆ ಅವರನ್ನು ಒಪ್ಪಿಸಿದ ಮೇಲೆ.

ಉತ್ತರ 3: ಬೆಳಗಿನಪಾಳಿ

ಇಬ್ಬರಿಗೂ ಕೈಮುಗಿದೆ. ಒರೆಗಲ್ಲು ಅವರೇ, ‘ತಿಳಿದದ್ದನ್ನು ತಿಳಿಯದು ಎನ್ನುವುದು’ ಎಂಬ ನಿಮ್ಮ ಸಾಲನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನನ್ನ ಪುಸ್ತಕದಲ್ಲಿ ಅಂಥ ಕರೆಗಳಿವೆ. ಮೇಲಿನವರು ಲಘುವಾಗಿ ಆಡಿದ ಮಾತನ್ನೇ ಹಿಡಿದು, ‘ಅವರೇ ಹಾಗಂದರಲ್ಲ’ ಎಂದು ಮಾಸ್ಕ್ ತೆಗೆದವರು, ವಾರದ ನಂತರ ಆಮ್ಲಜನಕ ಎಲ್ಲಿ ಸಿಗುತ್ತದೆ ಎಂದು ಕೇಳಿದವರು. ಒಂದೇ ಸಂಖ್ಯೆಯಿಂದ ಎರಡು ಕರೆ. ಎರಡನೆಯದನ್ನು ಎತ್ತಿದಾಗ ಧ್ವನಿ ಗುರುತು ಸಿಕ್ಕಿತ್ತು. ‘ನಾನು ಆವತ್ತು ನಿಮ್ಮ ಮೇಲೆ ರೇಗಿದ್ದೆ’ ಎಂದು ಅವರೇ ಮೊದಲು ಹೇಳಿದರು.

ಒಂದು ಸೇರಿಸುತ್ತೇನೆ: ಹೇಳುವ ಹೊತ್ತು. ಭಾರತದಲ್ಲಿ 2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಪ್ರಧಾನಿ ಮಾತನಾಡಿದರು, ಮಧ್ಯರಾತ್ರಿಯಿಂದ 21 ದಿನಗಳ ಲಾಕ್‌ಡೌನ್ ಜಾರಿಗೆ ಬಂತು. ನಡುವೆ ನಾಲ್ಕು ಗಂಟೆ. ವಲಸೆ ಕಾರ್ಮಿಕರಿಗಾಗಿ ಶ್ರಮಿಕ ರೈಲುಗಳು ಹೊರಟದ್ದು ಮೇ 1ಕ್ಕೆ. ನಮ್ಮಲ್ಲಿ ಲಾಕ್‌ಡೌನ್ ಘೋಷಣೆಯಾದ ಹೊತ್ತಿನಲ್ಲೇ ನ್ಯೂಜಿಲೆಂಡ್‌ನ ಪ್ರಧಾನಿ ಜೆಸಿಂಡಾ ಆರ್ಡರ್ನ್, ಏರಿದಷ್ಟೂ ನಿರ್ಬಂಧ ಬಿಗಿಯಾಗುವ ನಾಲ್ಕು ಮೆಟ್ಟಿಲಿನ ಏಣಿಯೊಂದನ್ನು ಮಾರ್ಚ್ 21ರಂದು ಜನರ ಮುಂದಿಟ್ಟು, ‘ಈಗ ನಾವು ಎರಡರಲ್ಲಿದ್ದೇವೆ’ ಎಂದರು. 23ರಂದು ಮೂರಕ್ಕೆ ಏರಿಸಿ, 48 ಗಂಟೆಗಳಲ್ಲಿ ನಾಲ್ಕಕ್ಕೆ ಹೋಗುತ್ತೇವೆ ಎಂದರು. ಎರಡು ದೇಶಗಳ ಗಾತ್ರ, ಜನಸಂಖ್ಯೆ, ಬಡತನ ಯಾವುದೂ ಒಂದೇ ಅಲ್ಲ. ತಕ್ಕಡಿಯಲ್ಲಿ ಇಡಲು ಇದನ್ನು ಹೇಳುತ್ತಿಲ್ಲ. ಮೊದಲೇ ಗಂಟೆ ಹೊಡೆದರೆ ಜನ ಮನೆ ಮುಟ್ಟುವ ಧಾವಂತದಲ್ಲಿ ಸೋಂಕು ಹರಡುತ್ತಾರೆ ಎಂಬ ವಾದವೂ ಬಲ್ಲವರದ್ದೇ. ಆದರೆ ದೂರವಾಣಿಯ ಈ ತುದಿಯಲ್ಲಿ ಕುಳಿತವಳಿಗೆ ಮುಂದಿನ ಮೆಟ್ಟಿಲು ಯಾವುದು ಎಂದು ತಿಳಿದಿದ್ದರೆ ಎಷ್ಟು ಹಗುರವಾಗುತ್ತದೆ ಎಂಬುದನ್ನು ನಾನು ಬಲ್ಲೆ. ಆ ಏಣಿಯ ಚಿತ್ರ ನನ್ನ ಮೇಜಿನ ಮೇಲೆ ಇದ್ದಿದ್ದರೆ ಎಂದು ಎಷ್ಟೋ ಬಾರಿ ಅನ್ನಿಸಿದೆ.

ಇನ್ನೊಂದು ಕೇಳಬೇಕು. ತಪ್ಪು ಮಾಡಿದೆ ಎಂದು ಒಪ್ಪಿಕೊಂಡ ನಾಯಕರು ಇದ್ದಾರೆಯೇ? ಒಪ್ಪಿಕೊಂಡ ಮೇಲೂ ಅವರ ಮಾತು ನಡೆಯಿತೇ?

ಉತ್ತರ 4: ಕಿರುದಾರಿ

ಇದ್ದಾರೆ. ಜರ್ಮನಿಯ ಆಗಿನ ಚಾನ್ಸಲರ್ ಆಂಗೆಲಾ ಮರ್ಕೆಲ್.

ಮೊದಲು ಅವರ 2020ರ ಏಪ್ರಿಲ್ 15ರ ಪತ್ರಿಕಾಗೋಷ್ಠಿ. ಅವರು ವಿಜ್ಞಾನ ಓದಿ ಡಾಕ್ಟರೇಟ್ ಪಡೆದವರು. ಒಬ್ಬ ಸೋಂಕಿತ ಸರಾಸರಿ ಎಷ್ಟು ಜನರಿಗೆ ಹರಡುತ್ತಾನೆ ಎಂಬ ಸಂಖ್ಯೆಯನ್ನು ಮೇಷ್ಟ್ರ ಹಾಗೆ ಬಿಡಿಸಿ ಹೇಳಿದರು. ಈಗ ಅದು ಒಂದರ ಆಸುಪಾಸಿನಲ್ಲಿದೆ, 1.1 ಆದರೆ ಅಕ್ಟೋಬರ್‌ಗೆ ನಮ್ಮ ಆಸ್ಪತ್ರೆಗಳ ತೀವ್ರ ನಿಗಾ ಘಟಕಗಳು ತುಂಬಿಹೋಗುತ್ತವೆ, 1.2 ಆದರೆ ಜುಲೈಗೆ, 1.3 ಆದರೆ ಜೂನ್‌ಗೇ. ಇಷ್ಟೇ. ಒಂದು ದಶಮಾಂಶ ಎಂದರೆ ಎಷ್ಟು ತಿಂಗಳು ಎಂಬುದು ಕೇಳಿದವರಿಗೆಲ್ಲ ಹೊಳೆಯಿತು. ನಾನು ಆ ತುಣುಕನ್ನು ಮೂರು ಬಾರಿ ನೋಡಿದ್ದೇನೆ. ಅವರು ಒಮ್ಮೆಯೂ ಧ್ವನಿ ಏರಿಸುವುದಿಲ್ಲ.

ಮುಂದಿನ ವರ್ಷ ಅವರೇ ಎಡವಿದರು. 2021ರ ಈಸ್ಟರ್ ಹೊತ್ತಿಗೆ ಐದು ದಿನ ಎಲ್ಲವನ್ನೂ ಮುಚ್ಚುವ ನಿರ್ಧಾರವನ್ನು ರಾಜ್ಯಗಳ ಮುಖ್ಯಸ್ಥರ ಜೊತೆ ರಾತ್ರಿಯಿಡೀ ಕೂತು ತೆಗೆದುಕೊಂಡರು. ಮರುದಿನ ನೋಡಿದರೆ ಅದನ್ನು ಜಾರಿಗೆ ತರುವುದೇ ಕಷ್ಟ: ಸಂಬಳ ಯಾರು ಕೊಡಬೇಕು, ಸರಕು ಸಾಗಣೆ ಏನಾಗಬೇಕು, ಯಾವುದಕ್ಕೂ ಉತ್ತರವಿಲ್ಲ. ಮಾರ್ಚ್ 24ರಂದು ಅವರು ಆದೇಶ ಹಿಂಪಡೆದು, ಈ ತಪ್ಪು ನನ್ನೊಬ್ಬಳದೇ, ಕೊನೆಯ ಹೊಣೆ ನನ್ನದು ಎಂದು ಹೇಳಿ ಜನರ ಕ್ಷಮೆ ಕೇಳಿದರು. ಆ ಸಭೆಯಲ್ಲಿ ಹದಿನಾರು ರಾಜ್ಯಗಳ ಮುಖ್ಯಸ್ಥರೂ ಇದ್ದರು. ಯಾರ ಮೇಲೂ ಹೊರಿಸಲಿಲ್ಲ. ಅವರ ಪಕ್ಷಕ್ಕೆ ಅದರಿಂದ ಲಾಭವಾಗಲಿಲ್ಲ, ಟೀಕೆಯೂ ನಿಲ್ಲಲಿಲ್ಲ. ಆದರೆ ಮರುದಿನದಿಂದ ಆ ನಿಯಮ ಇದೆಯೋ ಇಲ್ಲವೋ ಎಂಬ ಗೊಂದಲ ಯಾರಿಗೂ ಇರಲಿಲ್ಲ. ನಿಮ್ಮಂಥವರು ಕುಳಿತ ಸಹಾಯವಾಣಿಗೆ ಅದೇ ದೊಡ್ಡದು ಎಂದುಕೊಳ್ಳುತ್ತೇನೆ.

ದಕ್ಷಿಣ ಕೊರಿಯಾದ್ದು ಇನ್ನೂ ಆಳದ ಪಾಠ. 2015ರಲ್ಲಿ ಮರ್ಸ್ ಎಂಬ ಉಸಿರಾಟದ ರೋಗ ಬಂದಾಗ, ಅದು ಹರಡಿದ್ದ ಆಸ್ಪತ್ರೆಗಳ ಹೆಸರನ್ನು ಸರ್ಕಾರ ಹೇಳಲಿಲ್ಲ. ಹೇಳಿದರೆ ಜನ ಗಾಬರಿಯಾಗುತ್ತಾರೆ ಎಂದು, ನಿಮ್ಮ ಹಿರಿಯರ ವಾದವೇ. ಮೊದಲ ಪ್ರಕರಣ ದೃಢಪಟ್ಟದ್ದು ಮೇ 20, ಹೆಸರು ಹೊರಬಿದ್ದದ್ದು ಜೂನ್ 7. ನಡುವಿನ ದಿನಗಳಲ್ಲಿ ಜನ ಎಲ್ಲ ಆಸ್ಪತ್ರೆಗಳಿಗೂ ಹೆದರಿದರು, ಯಾಕೆಂದರೆ ಯಾವುದಕ್ಕೆ ಹೆದರಬೇಕು ಎಂಬುದು ತಿಳಿದಿರಲಿಲ್ಲ. 186 ಜನರಿಗೆ ರೋಗ ತಗುಲಿತು, 38 ಜನ ಸತ್ತರು. ಬಹುಪಾಲು ಸೋಂಕು ಆಸ್ಪತ್ರೆಗಳ ಒಳಗೇ ಹರಡಿತ್ತು. ಆಮೇಲೆ ಕಾನೂನನ್ನೇ ತಿದ್ದಿ, ಸಾಂಕ್ರಾಮಿಕದ ಮಾಹಿತಿಯನ್ನು ಜನರಿಗೆ ತಿಳಿಸುವುದು ಸರ್ಕಾರದ ಕರ್ತವ್ಯ ಎಂದು ಬರೆದರು. 2020ರಲ್ಲಿ ಅದು ಇನ್ನೊಂದು ಅತಿಗೆ ಹೋಯಿತು. ಸೋಂಕಿತರು ಯಾವ ಹೊತ್ತಿಗೆ ಎಲ್ಲಿದ್ದರು ಎಂಬುದೆಲ್ಲ ಬಯಲಾಗಿ, ಹೆಸರಿಲ್ಲದಿದ್ದರೂ ಜನ ಗುರುತು ಹಿಡಿದು ಆಡಿಕೊಂಡರು. ಕೊನೆಗೆ ವಯಸ್ಸು, ಲಿಂಗ ಮುಂತಾದವನ್ನು ಬಿಟ್ಟು ಸ್ಥಳ, ಸಮಯ ಮಾತ್ರ ಕೊಡುವಂತೆ ಮಾರ್ಗಸೂಚಿ ಬದಲಾಯಿಸಿದರು. ಸ್ಥಳದ ಹೆಸರು ಹೇಳಬೇಕು, ಮನುಷ್ಯನ ಗುರುತು ಹೇಳಬಾರದು. ಈ ಗೆರೆ ಎಳೆಯಲು ಅವರಿಗೆ ಐದು ವರ್ಷ ಬೇಕಾಯಿತು.

ಕೊನೆಯದಾಗಿ ನಾರ್ವೆ. 2020ರ ಮಾರ್ಚ್ 16ರಂದು ಪ್ರಧಾನಿ ಎರ್ನಾ ಸೋಲ್ಬರ್ಗ್ ಮಕ್ಕಳಿಗೆಂದೇ ಪತ್ರಿಕಾಗೋಷ್ಠಿ ನಡೆಸಿದರು. ಪ್ರಶ್ನೆಗಳೆಲ್ಲ ಮಕ್ಕಳವೇ. ಹುಟ್ಟುಹಬ್ಬ ಮಾಡಬಹುದೇ, ಲಸಿಕೆ ಬರಲು ಎಷ್ಟು ದಿನ ಬೇಕು. ಹೆದರಿಕೆಯಾಗುವುದು ತಪ್ಪಲ್ಲ ಎಂದು ಅವರು ಮಕ್ಕಳಿಗೆ ಹೇಳಿದರು. ಅದೇ ಸೋಲ್ಬರ್ಗ್ ಮುಂದಿನ ವರ್ಷ ತಮ್ಮ ಅರವತ್ತನೆಯ ಹುಟ್ಟುಹಬ್ಬದ ಕೂಟದಲ್ಲಿ ಜನಮಿತಿಯ ನಿಯಮ ಮುರಿದರು. ಪೊಲೀಸರು 20,000 ಕ್ರೋನರ್ ದಂಡ ಹಾಕಿದರು. ಅವರು ಕ್ಷಮೆ ಕೇಳಿ ಕಟ್ಟಿದರು. ಹುಟ್ಟುಹಬ್ಬ ಮಾಡಬಹುದೇ ಎಂದು ಅವರನ್ನು ಕೇಳಿದ್ದ ಮಕ್ಕಳ ನೆನಪು ನನಗೆ ಆ ಸುದ್ದಿ ಓದಿದಾಗ ಬಂತು, ನೋವಾಯಿತು. ಆದರೂ ಪ್ರಧಾನಿಗೇ ರಸೀದಿ ಹರಿದು ಕೊಟ್ಟ ಪೊಲೀಸರಿರುವ ದೇಶದಲ್ಲಿ ನಿಯಮಕ್ಕೆ ಇನ್ನೂ ಬೆಲೆ ಇದೆ ಎಂದೂ ಅನ್ನಿಸಿತು.

ಉತ್ತರ 5: ಬೆಳಗಿನಪಾಳಿ

ಕಿರುದಾರಿ ಅವರೇ, ಕೊರಿಯಾದ ಆ ಹದಿನೆಂಟು ದಿನಗಳನ್ನು ನಮ್ಮ ಹಿರಿಯರಿಗೆ ಇವತ್ತೇ ಓದಿ ಹೇಳಿದೆ. ಅವರು ತಕ್ಷಣ ಒಪ್ಪಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ‘ಯಾವುದಕ್ಕೆ ಹೆದರಬೇಕು ಎಂದು ತಿಳಿಯದೆ ಎಲ್ಲದಕ್ಕೂ ಹೆದರಿದರು ಎಂಬ ಮಾತು ಇನ್ನೊಮ್ಮೆ ಓದು’ ಎಂದರು. ಓದಿದೆ.

ಟಿಪ್ಪಣಿಯ ಎರಡನೆಯ ಸಾಲನ್ನು ಇಬ್ಬರೂ ಕೂಡಿ ಹೊಡೆದುಹಾಕಿದ್ದೇವೆ. ಅದರ ಜಾಗದಲ್ಲಿ ಈಗ ಇರುವುದು: ‘ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಯಾರನ್ನು ಕೇಳುತ್ತೀರಿ, ಎಷ್ಟು ಗಂಟೆಗೆ ಮರಳಿ ಕರೆ ಮಾಡುತ್ತೀರಿ ಎಂಬುದನ್ನು ಅದೇ ಉಸಿರಿನಲ್ಲಿ ಹೇಳಿ. ಹೇಳಿದ ಗಂಟೆಗೆ ಕರೆ ಮಾಡಿ, ಉತ್ತರ ಸಿಕ್ಕಿರದಿದ್ದರೂ.’ ಕೊನೆಯ ಎರಡು ಪದಗಳನ್ನು ಅವರೇ ಸೇರಿಸಿದರು. ಮರಳಿ ಕರೆ ಮಾಡುವ ಹೊತ್ತನ್ನು ಬರೆಯಲು ನೋಟ್‌ಪುಸ್ತಕದಲ್ಲಿ ಇನ್ನೊಂದು ಗೆರೆ ಬೇಕಾಗುತ್ತದೆ. ಸೋಮವಾರದ ತಂಡಕ್ಕೆ ಮೂವತ್ತು ಪುಸ್ತಕಗಳಿವೆ, ಈ ರಾತ್ರಿ ಕೂತು ಎಳೆಯುತ್ತೇನೆ.